ಲಾಕ್‌ಡೌನ್‌ನಲ್ಲಿ ನಮ್ಮ ಕೈತಪ್ಪಿದ್ದು ಗೆಳೆಯರಾ, ಅರೆಪರಿಚಯದವರಾ?

ಕೊನೇಬೆಂಚು

2020ರಲ್ಲಿ ಕಾಲೇಜಿಗೆ ಸೇರಿದ ಬ್ಯಾಚ್ ನನ್ನದು. ಮೊದಲ ವರ್ಷ ಪೂರ್ತಿ ಲ್ಯಾಪ್‌ಟಾಪ್ ಮುಂದೆಯೇ ಕಳೆಯಿತು. ಈಗ ಓದು ಮುಗಿದು ಕೆಲಸಕ್ಕೂ ಸೇರಿ ಆಯಿತು. ಆದರೂ ಒಂದು ವಿಷಯ ತಲೆ ಕೊರೆಯುತ್ತಲೇ ಇದೆ.

ಆಪ್ತ ಗೆಳೆಯರು ಎಲ್ಲೂ ಹೋಗಲಿಲ್ಲ. ಸ್ಕೂಲಿನಿಂದ ಜೊತೆಗಿದ್ದ ಮೂರ್ನಾಲ್ಕು ಜನ ಆಗಲೂ ದಿನಾ ಮಾತಾಡುತ್ತಿದ್ದರು, ಈಗಲೂ ಮಾತಾಡುತ್ತಾರೆ. ಕೈತಪ್ಪಿದ್ದು ಬೇರೆ ಗುಂಪು. ಮುಖ ಗೊತ್ತು, ಹೆಸರು ಅರ್ಧ ಗೊತ್ತು ಅನ್ನುವಂಥವರು. ಎದುರಿಗೆ ಸಿಕ್ಕರೆ ಹುಬ್ಬು ಹಾರಿಸಿ ಹೋಗುವವರು. ಪರೀಕ್ಷೆಯ ಹಿಂದಿನ ದಿನ ಮಾತ್ರ ನಮ್ಮ ನೆನಪಾಗಿ ನೋಟ್ಸ್ ಕೇಳುವವರು. ಗೆಳೆಯನ ಗೆಳೆಯ ಅಂತ ಪಕ್ಕದಲ್ಲಿ ಬಂದು ಕೂತು, ಕೊನೆಗೆ ನಮ್ಮ ಜೊತೆಯೇ ಉಳಿದುಬಿಡುವವರು. ನನ್ನ ಅಣ್ಣನಿಗೆ ಇಂಥವರು ಡಜನ್‌ಗಟ್ಟಲೆ ಇದ್ದಾರೆ. ನನಗೆ ಇಲ್ಲವೇ ಇಲ್ಲ. ಕೆಲಸ ಹುಡುಕುವಾಗಲೂ, ಸುಮ್ನೆ ಒಂದು ಸಂಜೆ ಬೇಜಾರಾದಾಗಲೂ ಫೋನಿನಲ್ಲಿ ಕಾಣುವುದು ಅದೇ ನಾಲ್ಕು ಹೆಸರು.

ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಪಿಡುಗು ಅಂತ ಕರೆದದ್ದು 2020ರ ಮಾರ್ಚ್ 11ರಂದು. ಕೆಲವೇ ವಾರಗಳಲ್ಲಿ 190ಕ್ಕೂ ಹೆಚ್ಚು ದೇಶಗಳಲ್ಲಿ ಹೆಚ್ಚುಕಮ್ಮಿ 160 ಕೋಟಿ ವಿದ್ಯಾರ್ಥಿಗಳ ಓದಿಗೆ ಪೆಟ್ಟು ಬಿತ್ತು. ಹೋದ ಪಾಠಗಳ ಬಗ್ಗೆ ಬೇಕಾದಷ್ಟು ಚರ್ಚೆ ಆಗಿದೆ. ಎರಡು ಪಾಠಗಳ ನಡುವೆ ಸಿಗುತ್ತಿದ್ದ ಹತ್ತು ನಿಮಿಷದ ಬಗ್ಗೆ ಯಾರೂ ಮಾತಾಡುವುದಿಲ್ಲ. ನಿಮ್ಮ ಅನುಭವ ಹೇಳಿ. "ಎಲ್ಲಾ ಫೋನಿಂದ ಹಾಳಾಗಿದ್ದು" ಅಂತ ಒಂದೇ ಸಾಲಿನಲ್ಲಿ ಮುಗಿಸಬೇಡಿ, ಪ್ಲೀಸ್.

ಸಂಶಯಪ್ರಾಣಿ

ಎಲ್ಲಾ ಫೋನಿಂದ ಹಾಳಾಗಿದ್ದು.

(ತಮಾಷೆಗೆ ಹಾಕಿದೆ. ರಾತ್ರಿ ಬಂದು ಸರಿಯಾಗಿ ಬರೆಯುತ್ತೇನೆ.)

ಲೆಕ್ಕದಪುಸ್ತಕ

ಕೊನೇಬೆಂಚು ಅವರೇ, ನೀವು ಹೇಳುತ್ತಿರುವ ಗುಂಪಿನ ಬಗ್ಗೆ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲೇ ಬರೆದಿದ್ದಾರೆ. ವಾದ ಸರಳ. ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ, ಹೊಸ ಅವಕಾಶ ಬರುವುದು ದೂರದ ಪರಿಚಯದವರ ಕಡೆಯಿಂದ. ಹಾಗಾಗಿ ಕೆಲಸ ಹುಡುಕುವಾಗ ನಿಮಗೆ ಕಷ್ಟವಾಗಿದ್ದರೆ ಆಶ್ಚರ್ಯವೇನಿಲ್ಲ.

ಇನ್ನೊಂದು ಲೆಕ್ಕ ಹೇಳುತ್ತೇನೆ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬರೀ ಪರಿಚಯ ಇರುವವರು ಸಾಮಾನ್ಯ ಗೆಳೆಯರಾಗಲು ಸುಮಾರು 50 ಗಂಟೆ ಜೊತೆಗಿರಬೇಕು. ಗೆಳೆಯ ಅಂತ ಧೈರ್ಯವಾಗಿ ಹೇಳಿಕೊಳ್ಳಲು 90 ಗಂಟೆ. ಆಪ್ತರಾಗಲು 200 ಗಂಟೆಗೂ ಜಾಸ್ತಿ. ಅದರಲ್ಲೂ ತರಗತಿಯಲ್ಲಿ ಅಕ್ಕಪಕ್ಕ ಕೂತ ಹೊತ್ತಿಗೆ ಅಷ್ಟು ಬೆಲೆ ಇಲ್ಲ. ಹರಟೆ ಹೊಡೆದ ಹೊತ್ತು, ಆಟವಾಡಿದ ಹೊತ್ತು, ಕೆಲಸವಿಲ್ಲದೆ ಅಲೆದ ಹೊತ್ತು, ಅದೇ ಲೆಕ್ಕಕ್ಕೆ ಬರುವುದು.

ಈಗ ಆನ್‌ಲೈನ್ ಕ್ಲಾಸ್ ನೆನಪಿಸಿಕೊಳ್ಳಿ. ಮೇಷ್ಟ್ರು "ಇವತ್ತಿಗೆ ಸಾಕು" ಅಂದ ತಕ್ಷಣ ಪರದೆ ಮೇಲಿನ ಚೌಕಗಳು ಪಟಪಟ ಅಂತ ಮಾಯ. ಬ್ಯಾಗಿಗೆ ಪುಸ್ತಕ ತುಂಬುತ್ತಾ "ಅದು ಅರ್ಥ ಆಯ್ತಾ ನಿಂಗೆ?" ಅಂತ ಪಕ್ಕದವರನ್ನು ಕೇಳುವ ಗ್ಯಾಪೇ ಇಲ್ಲ. ಗಂಟೆಗಳ ಮೀಟರು ಓಡಲೇ ಇಲ್ಲ.

ಸದ್ದಿಲ್ಲದವಳು

ನನ್ನ ಮಾತು ಇಲ್ಲಿ ಯಾರಿಗೂ ಇಷ್ಟವಾಗಲಿಕ್ಕಿಲ್ಲ. ನನಗೆ ಆ ಕಾಲ ಬೇಕಾಗಿತ್ತು.

ನಾನಾಗ ಹೈಸ್ಕೂಲ್. ತರಗತಿಯಲ್ಲಿ ಮೂವರು ಹುಡುಗಿಯರು ನನ್ನ ನಡಿಗೆ, ನನ್ನ ದನಿ, ನಾನು ಪುಸ್ತಕಕ್ಕೆ ಬೈಂಡ್ ಹಾಕುವ ರೀತಿ, ಎಲ್ಲವನ್ನೂ ಅಣಕಿಸುತ್ತಿದ್ದರು. ಶಾಲೆ ಮುಚ್ಚಿದ ದಿನ ಮನೆಯವರೆಲ್ಲ ಗಾಬರಿಯಲ್ಲಿದ್ದಾಗ ನಾನು ನೆಮ್ಮದಿಯಾಗಿ ಮಲಗಿದೆ. ಕ್ಯಾಮೆರಾ ಆಫ್ ಮಾಡಿ ಕೂತರೆ ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಚಾಟ್‌ನಲ್ಲಿ ಉತ್ತರ ಟೈಪ್ ಮಾಡುತ್ತಿದ್ದೆ, ಅದೂ ಎಲ್ಲರಿಗಿಂತ ಮೊದಲು. ಜಾಣೆ ಅಂತ ಮೇಡಂ ಮೊದಲ ಸಲ ಗುರುತಿಸಿದ್ದು ಆಗಲೇ.

ಇದು ನನ್ನೊಬ್ಬಳ ಕಥೆ ಅಲ್ಲ. ಅಮೆರಿಕದಲ್ಲಿ ತರಗತಿಗಳು ಆನ್‌ಲೈನ್ ಆದಾಗ ಬುಲ್ಲಿಯಿಂಗ್ ಬಗ್ಗೆ ಗೂಗಲ್‌ನಲ್ಲಿ ಹುಡುಕುವುದು 30ರಿಂದ 40 ಪರ್ಸೆಂಟ್ ಕಡಿಮೆಯಾಗಿತ್ತು ಅಂತ ಸಂಶೋಧಕರು ತೋರಿಸಿದ್ದಾರೆ. ಆನ್‌ಲೈನ್ ಕಿರುಕುಳದ ಬಗ್ಗೆ ಹುಡುಕುವುದು ಕೂಡ ಇಳಿದಿತ್ತು. "ಸ್ಕೂಲಿನ ಒಡನಾಟ ಹೋಯ್ತು" ಅಂತ ಕೊರಗುವಾಗ ಆ ಒಡನಾಟ ಯಾರಿಗೆ ಎಂಥದ್ದಾಗಿತ್ತು ಅಂತಲೂ ಕೇಳಬೇಕಲ್ವಾ?

ಕೊನೇಬೆಂಚು

ಖಂಡಿತ ಕೇಳಬೇಕು. ಒಂದು ಪ್ರಶ್ನೆ, ಉತ್ತರ ಕೊಡಲೇಬೇಕು ಅಂತೇನಿಲ್ಲ. ಶಾಲೆ ಮತ್ತೆ ತೆರೆದಾಗ ಏನಾಯಿತು?

ಸದ್ದಿಲ್ಲದವಳು

ಆ ಮೂವರು ಬದಲಾಗಿದ್ದರು. ನನಗೆ ಮಾತ್ರ ಬಾಯಿ ತೆರೆಯಲು ಮೊದಲಿಗಿಂತ ಜಾಸ್ತಿ ಭಯ. ಅಡಗಿ ಕೂರುವುದು ಅಷ್ಟು ಚೆನ್ನಾಗಿ ಅಭ್ಯಾಸವಾಗಿಬಿಟ್ಟಿತ್ತು.

ಬಿಳಿಚಾಕ್

ನಾನು ಹೈಸ್ಕೂಲ್ ಮೇಷ್ಟ್ರು. ಶಾಲೆ ತೆರೆದ ಮೇಲೆ ಕಂಡದ್ದನ್ನು ಹೇಳುತ್ತೇನೆ.

ಪಾಠ ಹಿಂದೆ ಬಿದ್ದಿತ್ತು, ಅದು ನಿರೀಕ್ಷೆ ಮಾಡಿದ್ದೇ. ನನಗೆ ಬೆರಗಾಗಿದ್ದು ಜಗಳ. 14 ವರ್ಷದ ಹುಡುಗರು ಜಗಳವಾಡುವುದು ಹೊಸದಲ್ಲ. ಜಗಳ ಮುಗಿಸುವುದು ಗೊತ್ತಿಲ್ಲದಿದ್ದದ್ದು ಹೊಸದು. ಮೊದಲೆಲ್ಲ ಬೆಳಿಗ್ಗೆ ಕೈಕೈ ಮಿಲಾಯಿಸಿದವರು ಮಧ್ಯಾಹ್ನ ಒಂದೇ ಬಾಟಲಿಯಲ್ಲಿ ನೀರು ಕುಡಿಯುತ್ತಿದ್ದರು. ಈ ಬ್ಯಾಚಿನವರು ಜಗಳವಾದ ತಕ್ಷಣ ನನ್ನ ಟೇಬಲ್ ಹತ್ತಿರ ಬಂದು ದೂರು ಕೊಡುತ್ತಿದ್ದರು. ಇಲ್ಲವೇ ಆ ಹುಡುಗನ ಜೊತೆ ಮಾತೇ ಬಿಟ್ಟುಬಿಡುತ್ತಿದ್ದರು, ವಾರಗಟ್ಟಲೆ. ಒಬ್ಬ ಹುಡುಗ ನನ್ನನ್ನು ನೇರವಾಗಿ ಕೇಳಿದ: "ಸರ್, ಅವನಿಗೆ ಸಾರಿ ಹೇಳಬೇಕು. ಎಲ್ಲರ ಮುಂದೆ ಹೇಳ್ಬೇಕಾ, ಒಬ್ಬನೇ ಇದ್ದಾಗ ಹೇಳ್ಬೇಕಾ?" ಅವನಿಗೆ ಬುದ್ಧಿ ಕಮ್ಮಿ ಅಂತಲ್ಲ. ಇದನ್ನು ಕಲಿಯುವ ವಯಸ್ಸಿನಲ್ಲಿ ಅವನ ಎದುರಿಗೆ ಜಗಳಕ್ಕೆ ಯಾರೂ ಇರಲಿಲ್ಲ. ಪರದೆಯಲ್ಲಿ ಸಿಟ್ಟು ಬಂದರೆ ಬ್ಲಾಕ್ ಮಾಡಿದರೆ ಮುಗೀತು.

2020ರ ಜೂನ್‌ನಲ್ಲೇ ಏಮಿ ಆರ್ಬೆನ್, ಲಿವಿಯಾ ಟೊಮೊವಾ, ಸಾರಾ ಜೇನ್ ಬ್ಲೇಕ್‌ಮೋರ್ ಎಂಬ ಮೂವರು ವಿಜ್ಞಾನಿಗಳು ಎಚ್ಚರಿಕೆ ಕೊಟ್ಟಿದ್ದರು. ಹದಿಹರೆಯದಲ್ಲಿ ಮಿದುಳು ಸಮವಯಸ್ಕರ ಒಡನಾಟಕ್ಕೆ ವಿಶೇಷವಾಗಿ ತೆರೆದುಕೊಂಡಿರುತ್ತದೆ, ಆಗ ಅದನ್ನು ಕಿತ್ತುಕೊಂಡರೆ ಪರಿಣಾಮ ದೊಡ್ಡವರಿಗಿಂತ ಹೆಚ್ಚಾಗಬಹುದು ಅಂತ. ಅದೇ ಟೊಮೊವಾ ಮತ್ತು ಸಂಗಡಿಗರು ಇನ್ನೊಂದು ಪ್ರಯೋಗದಲ್ಲಿ 40 ಜನ ವಯಸ್ಕರನ್ನು ಹತ್ತು ಗಂಟೆ ಯಾರ ಸಂಪರ್ಕವೂ ಇಲ್ಲದೆ ಕೂರಿಸಿದರು. ಆಮೇಲೆ ಜನ ಒಟ್ಟಿಗಿರುವ ಚಿತ್ರಗಳನ್ನು ತೋರಿಸಿದಾಗ ಮಿದುಳಿನ ಒಂದು ಭಾಗ ಚುರುಕಾಯಿತು. ಹಸಿದವರಿಗೆ ಊಟದ ಚಿತ್ರ ತೋರಿಸಿದಾಗ ಚುರುಕಾಗುವುದೂ ಅದೇ ಭಾಗ. ಬರೀ ಹತ್ತು ಗಂಟೆ, ಅದೂ ದೊಡ್ಡವರಿಗೆ.

ಸಂಶಯಪ್ರಾಣಿ

ಬಂದೆ. ಮೇಷ್ಟ್ರೇ, ನಿಮ್ಮ ಅನುಭವದ ಬಗ್ಗೆ ತಕರಾರಿಲ್ಲ. ಆದರೆ ಎಲ್ಲವನ್ನೂ ಕೊರೊನಾ ತಲೆಗೆ ಕಟ್ಟುತ್ತಿದ್ದೇವೆ ಅನ್ನಿಸುತ್ತದೆ. ಬ್ರಿಟನ್ ಒಂಟಿತನಕ್ಕೆಂದೇ ಒಬ್ಬ ಮಂತ್ರಿಯನ್ನು ನೇಮಿಸಿದ್ದು 2018ರ ಜನವರಿಯಲ್ಲಿ. ಆಗ ಕೋವಿಡ್ ಎಲ್ಲಿತ್ತು? ಹೊರಗೆ ಕೂತು ಹರಟೆ ಹೊಡೆಯುವುದು ಅದಕ್ಕೂ ಮೊದಲೇ ಕಮ್ಮಿಯಾಗಿತ್ತು. ಲಾಕ್‌ಡೌನ್ ಬಂದು ಇಳಿಜಾರಿನಲ್ಲಿ ಉರುಳುತ್ತಿದ್ದದ್ದನ್ನು ಒಂದು ಸಲ ಜೋರಾಗಿ ತಳ್ಳಿತು, ಅಷ್ಟೇ. ಈಗ ಬಾಗಿಲು ತೆರೆದು ಎಷ್ಟು ಕಾಲವಾಯಿತು! ಇನ್ನೂ ಯಾರೂ ಹೊರಗೆ ಬರುತ್ತಿಲ್ಲ ಅಂದರೆ ಬೀಗವನ್ನೇ ಬೈಯುತ್ತಾ ಕೂರುವುದಾ?

ಲೆಕ್ಕದಪುಸ್ತಕ

ಇಳಿಜಾರು ಮೊದಲೇ ಇತ್ತು, ಒಪ್ಪಿದೆ. ಆದರೆ ತಳ್ಳಿದ ರಭಸ ಸಣ್ಣದಲ್ಲ. ಇಲ್ಲಿ 25 ಅನ್ನುವ ಸಂಖ್ಯೆ ಎರಡು ಕಡೆ ಬರುತ್ತದೆ. ಜನ ಎರಡನ್ನೂ ಕಲಸಿಬಿಡುತ್ತಾರೆ, ಅದಕ್ಕೆ ಬಿಡಿಸಿ ಹೇಳುತ್ತೇನೆ.

ಒಂದು, ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಹೇಳಿದ್ದು. ಮೊದಲ ವರ್ಷದಲ್ಲೇ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆ 25 ಪರ್ಸೆಂಟ್ ಏರಿತು, ಯುವಜನರಿಗೆ ಮತ್ತು ಹೆಂಗಸರಿಗೆ ಹೆಚ್ಚು ಪೆಟ್ಟು ಬಿತ್ತು ಅಂತ. ಇದು ಎಲ್ಲ ವಯಸ್ಸಿನವರ ಏರಿಕೆ. ಇನ್ನೊಂದು, 2021ರಲ್ಲಿ ಜಾಮಾ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ. 29 ಅಧ್ಯಯನ, 80 ಸಾವಿರಕ್ಕೂ ಹೆಚ್ಚು ಮಕ್ಕಳು ಮತ್ತು ಹದಿಹರೆಯದವರು. ಅದರಲ್ಲಿ ಖಿನ್ನತೆಯ ಗಂಭೀರ ಲಕ್ಷಣ ಇದ್ದವರೇ 25.2 ಪರ್ಸೆಂಟ್, ಅಂದರೆ ನಾಲ್ವರಲ್ಲಿ ಒಬ್ಬರು. ಆತಂಕದ್ದು 20.5. ಪಿಡುಗಿಗೆ ಮೊದಲಿನ ಅಂದಾಜಿಗೆ ಹೋಲಿಸಿದರೆ ಇದು ಹೆಚ್ಚುಕಮ್ಮಿ ಎರಡು ಪಟ್ಟು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ನಿಮಗೂ ನನಗೂ ಹೊರಗಿನ ರೂಢಿ ಮೊದಲೇ ಇತ್ತು, ಬಾಗಿಲು ತೆರೆದಾಗ ಕಾಲು ತಾನಾಗಿ ಹೊರಟಿತು. ಆ ರೂಢಿ ಆಗುವ ವಯಸ್ಸಿನಲ್ಲೇ ಒಳಗಿದ್ದವರಿಗೆ ಬರೀ ತೆರೆದ ಬಾಗಿಲು ಸಾಲುವುದಿಲ್ಲ.

ಅಮ್ಮಆನ್‌ಲೈನ್

ವಯಸ್ಸಿನ ಮಾತು ಬಂತಲ್ಲ, ಅದು ನಮ್ಮ ಮನೆಯಲ್ಲೇ ಕಣ್ಣಿಗೆ ಹೊಡೆದು ಕಾಣುತ್ತದೆ. ದೊಡ್ಡವಳಿಗೆ ಆಗ 19, ಚಿಕ್ಕವನಿಗೆ 12. ದೊಡ್ಡವಳು ಅತ್ತಳು, ಸಿಡುಕಿದಳು, ಬಿಡುಗಡೆ ಸಿಕ್ಕ ವಾರವೇ ಗೆಳತಿಯರ ಜೊತೆ ಹಾರಿಹೋದಳು. ಚಿಕ್ಕವನು ಅಳಲಿಲ್ಲ. ನಾವು "ಇವನು ಎಷ್ಟು ಚೆನ್ನಾಗಿ ಹೊಂದಿಕೊಂಡಿದ್ದಾನೆ" ಅಂದುಕೊಂಡೆವು. ಈಗ ಯಾರಾದರೂ ಫೋನ್ ಮಾಡಿದರೆ ಅದು ರಿಂಗ್ ಆಗಿ ನಿಲ್ಲುವವರೆಗೂ ನೋಡುತ್ತಾ ಕೂತು, ಆಮೇಲೆ "ಏನು?" ಅಂತ ಮೆಸೇಜ್ ಹಾಕುತ್ತಾನೆ.

ಇನ್ನೊಂದು ಸಂಗತಿ ಯಾರೂ ಹೇಳಲಿಲ್ಲ. ಆ ಮಕ್ಕಳಿಗೆ ಗುಟ್ಟು ಮಾತಾಡಲು ಜಾಗವೇ ಇರಲಿಲ್ಲ. ನಾನು ಒಂದು ಮೂಲೆಯಲ್ಲಿ ಮೀಟಿಂಗ್, ಇವರ ಅಪ್ಪ ಇನ್ನೊಂದು ಮೂಲೆ. ಮಗಳು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಫೋನಿನಲ್ಲಿ ಮಾತಾಡುತ್ತಿದ್ದಳು. ಮೊದಲು ನೀರು ಪೋಲು ಅಂತ ಬೈದೆ, ಆಮೇಲೆ ಸುಮ್ಮನಾದೆ. ಆ ವಯಸ್ಸಿನಲ್ಲಿ ಅಪ್ಪ ಅಮ್ಮನ ಕಿವಿಗೆ ಬೀಳದ ಮಾತು ನಾಲ್ಕಾದರೂ ಇರಬೇಕು. ಮನೆಯೊಳಗೇ ಸಿಟ್ಟು, ಕುಡಿತ, ಹೊಡೆತ ಇದ್ದ ಮಕ್ಕಳಿಗಂತೂ ಶಾಲೆಯೇ ಉಸಿರಾಡುವ ಜಾಗವಾಗಿತ್ತು. ಅದಕ್ಕೂ ಬೀಗ ಬಿತ್ತು.

ಇನ್ನು ಫೋನ್ ಬೈಯುವವರಿಗೆ: 3ರಿಂದ 17 ವರ್ಷದೊಳಗಿನ 130 ಕೋಟಿ ಮಕ್ಕಳಿಗೆ ಮನೆಯಲ್ಲಿ ಇಂಟರ್ನೆಟ್ಟೇ ಇಲ್ಲ ಅಂತ ಯುನಿಸೆಫ್ 2020ರ ಡಿಸೆಂಬರ್‌ನಲ್ಲಿ ಹೇಳಿತ್ತು. ಮೂವರಲ್ಲಿ ಇಬ್ಬರು! ಉಗಾಂಡಾದಲ್ಲಿ ಶಾಲೆಗಳು ಪೂರ್ತಿ ತೆರೆದದ್ದು 2022ರ ಜನವರಿ 10ಕ್ಕೆ, ಹೆಚ್ಚುಕಮ್ಮಿ ಎರಡು ವರ್ಷದ ಮೇಲೆ. ಅಲ್ಲಿಯ ಎಷ್ಟೋ ಮಕ್ಕಳಿಗೆ ಗೆಳೆಯರೂ ಇಲ್ಲ, ಬೈಯಲು ಫೋನೂ ಇಲ್ಲ. ಸ್ಪೇನಿನಲ್ಲಿ 14 ವರ್ಷದೊಳಗಿನವರು ಆರು ವಾರ ಆಟಕ್ಕಿರಲಿ, ಗಾಳಿಗೂ ಹೊರಗೆ ಬರುವ ಹಾಗಿರಲಿಲ್ಲ. 2020ರ ಏಪ್ರಿಲ್ 26ಕ್ಕೆ ಮೊದಲ ಸಲ ಬಿಟ್ಟರು, ಅದೂ ದಿನಕ್ಕೆ ಒಂದು ಗಂಟೆ, ದೊಡ್ಡವರ ಜೊತೆ.

ನೈಟ್‌ಶಿಫ್ಟ್

ಆನ್‌ಲೈನ್ ಅಂದರೆ ಬರೀ ನಷ್ಟ ಅನ್ನುವ ಹಾಗೆ ಮಾತಾಡಬೇಡಿ ಗುರು. 'ಅಮಾಂಗ್ ಅಸ್' 2018ರಲ್ಲೇ ಬಂದಿದ್ದ ಗೇಮ್, ಯಾರೂ ಮೂಸಿರಲಿಲ್ಲ. 2020ರಲ್ಲಿ ಜಗತ್ತೇ ಆಡಿತು. ಯಾಕೆ? ಅದರಲ್ಲಿ ಆಟಕ್ಕಿಂತ ಮಾತು ಜಾಸ್ತಿ. ಸುಳ್ಳು ಹೇಳಬೇಕು, ಅನುಮಾನ ಪಡಬೇಕು, ಕಿರುಚಾಡಬೇಕು. ಹರಟೆಗೆ ನೆಪ ಬೇಕಿತ್ತು, ಸಿಕ್ಕಿತು. ನನ್ನ ಇವತ್ತಿನ ಗ್ಯಾಂಗ್ ಹುಟ್ಟಿದ್ದೇ ಹಾಗೆ.

ಆದರೆ ವಿಡಿಯೋ ಕಾಲ್ ಮಾತ್ರ ಯಾರಿಗೂ ಬೇಡ. ಸ್ಟ್ಯಾನ್‌ಫರ್ಡಿನ ಜೆರೆಮಿ ಬೇಲೆನ್ಸನ್ 2021ರಲ್ಲಿ ಅದಕ್ಕೆ ಕಾರಣ ಬರೆದರು: ಎಲ್ಲರ ಮುಖವೂ ಮೂಗಿನ ಹತ್ತಿರ, ಎಲ್ಲರೂ ನಮ್ಮನ್ನೇ ದಿಟ್ಟಿಸುವ ಹಾಗೆ, ನಮ್ಮ ಮುಖವನ್ನು ನಾವೇ ನೋಡುತ್ತಾ ಕೂರಬೇಕು, ಜಾಗ ಬಿಟ್ಟು ಅಲ್ಲಾಡುವ ಹಾಗಿಲ್ಲ, ತಲೆ ಆಡಿಸುವುದನ್ನೂ ದೊಡ್ಡದಾಗಿ ಮಾಡಿ ತೋರಿಸಬೇಕು. ದನಿ ಮಾತ್ರ ಇದ್ದು ಕೈಯಲ್ಲಿ ಆಟ ಇದ್ದರೆ ಇದ್ಯಾವುದೂ ಇಲ್ಲ.

ಆ ಗ್ಯಾಂಗಿನವರನ್ನು ಮೊದಲ ಸಲ ಎದುರಿಗೆ ಭೇಟಿಯಾದಾಗ ಏನಾಯ್ತು ಅಂದರೆ, ಎಲ್ಲರೂ ಫೋನ್ ತೆಗೆದು ಒಂದೇ ಟೇಬಲ್‌ನಲ್ಲಿ ಕೂತು ಗೇಮ್ ಆಡಿದೆವು. ನಗಬೇಡಿ. ಅರ್ಧ ಗಂಟೆಯಾದ ಮೇಲೆ ಮಾತು ಬಂತು.

ದೂರದವನು

ಪ್ರೀತಿ ಮಾಡುತ್ತಿದ್ದವರ ಕಷ್ಟ ಯಾರಿಗೂ ಬೇಡವಾ? ಬೇರೆ ಬೇರೆ ಮನೆಯಲ್ಲಿದ್ದ ಜೋಡಿಗಳು ಏನು ಮಾಡಬೇಕು ಅಂತ ಇಂಗ್ಲೆಂಡಿನಲ್ಲಿ ಪ್ರಶ್ನೆ ಬಂದಾಗ, 2020ರ ಮಾರ್ಚ್ 24ರಂದು ಅಲ್ಲಿಯ ಉಪ ಮುಖ್ಯ ವೈದ್ಯಾಧಿಕಾರಿ ಜೆನ್ನಿ ಹ್ಯಾರಿಸ್ ಕೊಟ್ಟ ಸಲಹೆ ಏನು ಗೊತ್ತಾ? ಒಂದೋ ದೂರ ಇರಿ, ಇಲ್ಲವೇ ಒಟ್ಟಿಗೆ ಇದ್ದು ಸಂಬಂಧ ಎಷ್ಟು ಗಟ್ಟಿ ಅಂತ ಪರೀಕ್ಷೆ ಮಾಡಿಕೊಳ್ಳಿ ಅನ್ನುವ ಅರ್ಥದ ಮಾತು. ಪರಿಚಯವಾಗಿ ಹದಿನೈದು ದಿನವಾದವರು ಏನು ಮಾಡಬೇಕಪ್ಪಾ? ನಮ್ಮದು ಅಂಥದ್ದೇ ಆಗಿತ್ತು. ನಾವು ದೂರ ಇದ್ದೆವು. ಮುಗಿಯಿತು. ಯಾರ ತಪ್ಪೂ ಅಲ್ಲ. ಮಾತು ಖಾಲಿಯಾಯಿತು, ದಿನಾ ಹೇಳಲು ಹೊಸದೇನೂ ನಡೆಯುತ್ತಿರಲಿಲ್ಲ.

ಏಳನೆಯವ

ಇಷ್ಟು ದಿನ ಓದುತ್ತಿದ್ದೆ, ಇವತ್ತು ಅಕೌಂಟ್ ಮಾಡಿದೆ. ಹೆಸರು ಯಾಕೆ ಹೀಗೆ ಇಟ್ಟುಕೊಂಡೆ ಅಂತ ಹೇಳುತ್ತೇನೆ.

ನಾನು ಆಗ ಇಂಗ್ಲೆಂಡಿನಲ್ಲಿ ಓದುತ್ತಿದ್ದೆ. 2020ರ ಸೆಪ್ಟೆಂಬರ್ 14ರಿಂದ ಅಲ್ಲಿ ಆರು ಜನಕ್ಕಿಂತ ಹೆಚ್ಚು ಸೇರುವುದು ಕಾನೂನಿಗೆ ವಿರುದ್ಧ. ನಮ್ಮದು ಏಳೆಂಟು ಜನರ ಸಡಿಲ ಗುಂಪು. ಸೇರಿ ಇನ್ನೂ ಕೆಲವೇ ದಿನ, ಯಾರಿಗೂ ಯಾರೂ ಆಪ್ತರಲ್ಲ. ಆರು ಅಂದ ತಕ್ಷಣ ಪಟ್ಟಿ ಮಾಡಬೇಕಾಯಿತು. ಯಾರೂ ಬಾಯಿಬಿಟ್ಟು "ನೀನು ಬರಬೇಡ" ಅನ್ನಲಿಲ್ಲ. ಮೆಸೇಜ್ ಬರುವುದು ನಿಂತಿತು, ಅಷ್ಟೇ. ಬೆಲ್ಜಿಯಮ್‌ನಲ್ಲಿ ಅದೇ ನವೆಂಬರ್‌ನಲ್ಲಿ ಇನ್ನೂ ಬಿಗಿ. ಮನೆಯ ಹೊರಗಿನ ಆಪ್ತ ಸಂಪರ್ಕ ಒಬ್ಬರಿಗೆ ಒಬ್ಬರೇ. ರೋಗ ತಡೆಯಲು ಇಂಥ ನಿಯಮ ಬೇಕಿತ್ತು, ನಾನು ಅದನ್ನು ಬೈಯುತ್ತಿಲ್ಲ. ಆದರೆ ಎಣಿಸಿ ಕೊಟ್ಟಾಗ ಜನ ಯಾರನ್ನು ಇಟ್ಟುಕೊಳ್ಳುತ್ತಾರೆ? ಆಪ್ತರನ್ನು. ಬಿಡುವುದು ಯಾರನ್ನು? ಇನ್ನೂ ಗೆಳೆಯರಾಗಬೇಕಿದ್ದವರನ್ನು. ಈ ಚರ್ಚೆಯ ಮೊದಲ ಪೋಸ್ಟ್‌ನ ಪ್ರಶ್ನೆಗೆ ಇದೇ ಉತ್ತರ ಅಂತ ನನಗನ್ನಿಸುತ್ತದೆ. ಆ ಅರೆಪರಿಚಯದವರು ತಾವಾಗಿ ಕಳೆದುಹೋಗಲಿಲ್ಲ. ನಿಯಮದ ಲೆಕ್ಕದಲ್ಲಿ ಅವರಿಗೆ ಜಾಗವೇ ಇರಲಿಲ್ಲ.

ಜೊತೆಗೆ ಬೈಗುಳ ಬೇರೆ. ವೈರಸ್ ಹರಡುವವರು ನಾವೇ ಅನ್ನುವ ಹಾಗೆ ನೋಡುತ್ತಿದ್ದರು. ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ನಿಲಯಗಳ ಸುತ್ತ ಹೇಳದೆ ಕೇಳದೆ ಬೇಲಿ ನಿಲ್ಲಿಸಿದರು. ಹುಡುಗರು ಅದೇ ರಾತ್ರಿ ಕಿತ್ತು ಹಾಕಿದರು. ನಾನು ಓದುತ್ತಿದ್ದದ್ದು ಬೇರೆ ಊರಿನಲ್ಲಿ, ಆದರೂ ಆ ವಿಡಿಯೋ ನೋಡಿ ಖುಷಿಯಾಗಿತ್ತು.

ಬಿಳಿಚಾಕ್

ಬೈಗುಳದ ಮಾತು ನಿಜ. ಗೆಳೆಯರ ನಡುವೆಯೂ ಅದೇ ಆಯಿತು. ಒಬ್ಬಳು ಕಟ್ಟುನಿಟ್ಟಾಗಿ ಮನೆಯಲ್ಲಿ ಕೂತಳು, ಮನೆಯಲ್ಲಿ ಕಾಯಿಲೆಯ ಅಜ್ಜಿ. ಇನ್ನೊಬ್ಬಳು ಹುಟ್ಟುಹಬ್ಬಕ್ಕೆ ಗುಂಪು ಸೇರಿಸಿ ಫೋಟೋ ಹಾಕಿದಳು. ನನ್ನ ಇಬ್ಬರು ಹಳೆ ವಿದ್ಯಾರ್ಥಿನಿಯರು ಇವತ್ತಿಗೂ ಮಾತಾಡುವುದಿಲ್ಲ. ಬರೀ ಫೋಟೋದ ಜಗಳ ಅಲ್ಲ ಅದು. ನಿನಗೆ ನನ್ನ ಅಜ್ಜಿಯ ಜೀವ ಲೆಕ್ಕಕ್ಕಿಲ್ಲವಾ ಅನ್ನುವ ಪ್ರಶ್ನೆ. ಅದನ್ನು ಇಮೋಜಿ ಹಾಕಿ ಸರಿಮಾಡಲು ಆಗುವುದಿಲ್ಲ.

ಸಂಶಯಪ್ರಾಣಿ

ಏಳನೆಯವರೇ, ನಿಮ್ಮ ಪಟ್ಟಿಯ ಮಾತು ಸರಿಯಾಗಿ ನಾಟಿತು. ಇದನ್ನು ನಾನು ಯೋಚಿಸಿರಲಿಲ್ಲ. ಫೋನಿನ ಬಗ್ಗೆ ನನ್ನ ಅಭಿಪ್ರಾಯ ಹಾಗೇ ಇದೆ, ಅದು ಬೇರೆ ವಿಷಯ.

ಕೊನೇಬೆಂಚು

ಪಟ್ಟಿಯ ಅಭ್ಯಾಸ ನಿಯಮ ಹೋದ ಮೇಲೂ ನಮ್ಮಲ್ಲಿ ಉಳಿದಿದೆ. ಈಗ ಭೇಟಿ ಅಂದರೆ ಪೋಲ್ ಹಾಕಬೇಕು, ತಾರೀಖು ಕೂಡಬೇಕು, ಎಷ್ಟು ಜನ ಅಂತ ಕನ್ಫರ್ಮ್ ಆಗಬೇಕು. ಪ್ಲಾನ್ ಮಾಡಿದ ಭೇಟಿಗೆ ಅರೆಪರಿಚಯದವರನ್ನು ಯಾರೂ ಕರೆಯುವುದಿಲ್ಲ. ಹಾಗಾದರೆ ಅವರು ಸಿಗುವುದು ಎಲ್ಲಿ? ಯಾರಿಗಾದರೂ ಏನಾದರೂ ಕೆಲಸ ಮಾಡಿದೆಯಾ?

ನೈಟ್‌ಶಿಫ್ಟ್

ಮಾಡಿದೆ. ಪ್ರತಿ ವಾರ ಒಂದೇ ದಿನ, ಒಂದೇ ಹೊತ್ತು, ಒಂದೇ ಮೈದಾನ. ಬಂದವರು ಬಂದರು, ಬರದವರನ್ನು ಕೇಳುವುದಿಲ್ಲ. ಶಟಲ್ ಬ್ಯಾಟ್ ಎರಡು ಎಕ್ಸ್‌ಟ್ರಾ ತಗೊಂಡು ಹೋಗುತ್ತೇವೆ. ನೋಡುತ್ತಾ ನಿಂತವರ ಕೈಗೆ ಕೊಡಲು.

ಲೆಕ್ಕದಪುಸ್ತಕ

ವಾರಕ್ಕೆ ಎರಡು ಗಂಟೆ ಅಂದರೆ 50 ಗಂಟೆಗೆ ಆರು ತಿಂಗಳು. ತಡ, ಆದರೆ ಆಗದ ಲೆಕ್ಕವಲ್ಲ.

ಸದ್ದಿಲ್ಲದವಳು

ಹೀಗಾದರೆ ನನ್ನಂಥವರೂ ಬರಬಹುದು. ಎರಡು ಷರತ್ತು. ಮಾತಾಡದೆ ಆಡಿದರೆ "ಯಾಕೆ ಸುಮ್ಮನಿದ್ದೀಯಾ" ಅನ್ನಬಾರದು. ಬೇಗ ಹೊರಟರೆ ಕಾರಣ ಕೇಳಬಾರದು.

ನೈಟ್‌ಶಿಫ್ಟ್

ನಮ್ಮಲ್ಲಿ ಅರ್ಧ ಜನ ಹಾಗೇ ಇರೋದು. ಶೂ ಹಾಕ್ಕೊಂಡು ಬನ್ನಿ, ಚಪ್ಪಲಿಯಲ್ಲಿ ಆಡೋಕಾಗಲ್ಲ.